ನೀಲಿ ರಿಬ್ಬನ್ನಿನ ಪುಸ್ತಕ

ಸೊಸೆ ಶವಪೆಟ್ಟಿಗೆಯ ಮೇಲೆ ಬಗ್ಗಿ, ಅತ್ತೆಯ ಬೆರಳ ಸಂದಿಯಿಂದ ಕಪ್ಪು ರಟ್ಟಿನ ಪುಸ್ತಕವನ್ನು ಮೆಲ್ಲಗೆ ಎಳೆಯುತ್ತಿದ್ದಳು. ಅತ್ತೆಯ ತಂಗಿ ಬಂದು ಕೈ ಹಿಡಿದುಬಿಟ್ಟರು.

"ಅಯ್ಯೋ, ಅದಕ್ಯಾಕೆ ಕೈ ಹಾಕ್ತೀಯ? ಅಕ್ಕನ ಪ್ರಾರ್ಥನೆ ಪುಸ್ತಕ ಅದು. ದಿಂಬಿನ ಕೆಳಗಿತ್ತು, ನಾನೇ ತಂದಿಟ್ಟೆ."

"ಸ್ವಲ್ಪ ಧೂಳಾಗಿದೆ ಚಿಕ್ಕತ್ತೆ. ಒರೆಸಿ ಇಡ್ತೀನಿ."

"ದಿನಾ ಓದೋ ಪುಸ್ತಕಕ್ಕೆ ಎಲ್ಲಿಯ ಧೂಳು? ಸುಮ್ನಿರು."

ಪುಟಗಳ ನಡುವಿನಿಂದ ನೀಲಿ ರಿಬ್ಬನ್ ಇಣುಕುತ್ತಿತ್ತು. ಪ್ರಾರ್ಥನೆ ಪುಸ್ತಕದ್ದು ಕೆಂಪು ರಿಬ್ಬನ್. ಈ ವ್ಯತ್ಯಾಸ ಗೊತ್ತಿದ್ದವರು ಇಬ್ಬರೇ. ಅವರಲ್ಲಿ ಒಬ್ಬರು ಈಗ ಪೆಟ್ಟಿಗೆಯಲ್ಲಿ ಮಲಗಿದ್ದರು.

* * *

ಅತ್ತೆ ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡಿದವರು. ಚರ್ಚಿನ ಹರಿದ ಪುಸ್ತಕಗಳಿಗೆಲ್ಲ ಹೊಲಿಗೆ ಹಾಕಿ ಕಪ್ಪು ರಟ್ಟು ಕಟ್ಟಿದ್ದು ಅವರೇ. ಅವರು ಪಾಠ ಹೇಳುತ್ತಿದ್ದ ಭಾನುವಾರದ ಶಾಲೆಯಲ್ಲಿ ಮಕ್ಕಳು ಬೆನ್ನ ಹಿಂದೆ 'ಗೋಂದು ಟೀಚರ್' ಅನ್ನುತ್ತಿದ್ದರು. ಹುಡುಗಿಯರ ಚೀಲ ತಡಕಿ ಪ್ರೇಮದ ಕಾದಂಬರಿ ಕಿತ್ತುಕೊಳ್ಳುವುದರಲ್ಲಿ ಅವರದು ಎತ್ತಿದ ಕೈ. ಕಿತ್ತುಕೊಂಡದ್ದು ಎಲ್ಲಿಗೆ ಹೋಗುತ್ತದೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಪ್ರಾರ್ಥನೆ ಪುಸ್ತಕ ಹಿಡಿದು ಬಿಕ್ಕುತ್ತಿದ್ದರು. ಸೊಸೆಗೆ ಗಾಬರಿಯಾಯಿತು.

"ಏನಾಯ್ತು ಅತ್ತೆ?"

"ನರ್ಸಮ್ಮ ಊರು ಬಿಟ್ಟು ಹೊರಟಳು ಕಣೇ. ಆ ಪಾದ್ರಿ ಬಾಯೇ ಬಿಡ್ಲಿಲ್ಲ!"

ಅಂದವರೇ ನಾಲಿಗೆ ಕಚ್ಚಿಕೊಂಡರು. ಸೊಸೆ ಪುಸ್ತಕ ಇಸಿದುಕೊಂಡು ನೋಡಿದರೆ, ಕಪ್ಪು ರಟ್ಟಿನೊಳಗೆ ಒಬ್ಬ ಪಾದ್ರಿ, ಒಬ್ಬ ನರ್ಸಮ್ಮನ ಹಳೇ ಕಾಲದ ಪ್ರೇಮ ಕಾದಂಬರಿ.

"ಕೆಟ್ಟದ್ದೇನೂ ಇಲ್ವೇ ಅದರಲ್ಲಿ. ಇನ್ನೂರು ಪುಟ ಕಾದ್ರೆ ಒಂದ್ಸಲ ಕೈ ಹಿಡೀತಾನೆ, ಅದೂ ಪ್ರಾರ್ಥನೆ ಮಾಡಿ." ಅತ್ತೆ ಮುಖ ಒರೆಸಿಕೊಂಡರು. "ಆದ್ರೂ ಆ ಮಕ್ಕಳ ಹತ್ರ ಕಿತ್ಕೊಂಡಿದ್ದಲ್ವಾ... ನಾನು ಸತ್ರೆ ಮೊದ್ಲು ಇದನ್ನ ತೆಗೆದುಬಿಡು. ಮಾತು ಕೊಡು."

ಸೊಸೆ ನಗುತ್ತಲೇ ಮಾತು ಕೊಟ್ಟಿದ್ದಳು.

* * *

ಬೆಳಗಿನಿಂದ ಬಂದವರಿಗೆ ಕುರ್ಚಿ ಹಾಕುವುದರಲ್ಲಿ ಆ ಮಾತು ಮರೆತೇ ಹೋಗಿತ್ತು. ಅತ್ತೆ ಕೇಳಿದ್ದು ಒಂದೇ ಒಂದು, ಅದನ್ನೂ ಮಾಡಲಿಲ್ಲವಲ್ಲ ಎಂದು ಅವಳಿಗೆ ಅಳು ಬಂತು. ಹಿಂದಿನ ಸಾಲಿನಲ್ಲಿ, ಕಾದಂಬರಿ ಕಳೆದುಕೊಂಡ ಹುಡುಗಿಯರೆಲ್ಲ ಈಗ ನಡುವಯಸ್ಸಿನ ಹೆಂಗಸರಾಗಿ ಕುಳಿತಿದ್ದರು. ಅವರಿಗೆ ಗೊತ್ತಾದರೆ ಸಮಾಧಿಯ ಮಣ್ಣು ಆರುವ ಮೊದಲೇ ಊರೆಲ್ಲ ನಗುತ್ತದೆ.

ಪಾದ್ರಿ ಬಂದು ಪೆಟ್ಟಿಗೆಯ ಪಕ್ಕ ನಿಂತರು.

"ಟೀಚರಮ್ಮನ ಪುಸ್ತಕದಿಂದಲೇ ಪ್ರಾರ್ಥನೆ ಓದೋಣ," ಎಂದು ಕೈ ಚಾಚಿದರು.

"ಬೇಡ ಅಯ್ಯನವರೇ, ಅಕ್ಷರ ತೀರಾ ಸಣ್ಣದು. ಬೇರೆ ತರ್ತೀನಿ..."

"ಕನ್ನಡಕ ಇದೆಯಮ್ಮ."

ಅವರು ಎತ್ತಿಕೊಂಡೊಡನೆ ರಿಬ್ಬನ್ ಇದ್ದಲ್ಲಿಗೇ ಪುಸ್ತಕ ತೆರೆಯಿತು. ಪಾದ್ರಿಯ ಹುಬ್ಬು ಮೇಲೇರಿತು. ಅವರು ತಲೆ ಎತ್ತಿ ಸೊಸೆಯತ್ತ ನೋಡಿದರು. ಅವಳು ಕಣ್ಣಲ್ಲೇ ಬೇಡಿಕೊಂಡಳು.

ಪಾದ್ರಿ ಗಂಟಲು ಸರಿಮಾಡಿಕೊಂಡರು. ಮತ್ತೆ ಪುಸ್ತಕಕ್ಕೆ ಕಣ್ಣು ನೆಟ್ಟು, ಬಾಯಿಪಾಠವಾಗಿದ್ದ ಪ್ರಾರ್ಥನೆಯನ್ನು ಒಂದಕ್ಷರ ತಪ್ಪದೆ ಹೇಳತೊಡಗಿದರು.

"ನೋಡು, ಅಕ್ಕನ ಪುಸ್ತಕದಿಂದ ಓದಿದ್ರೆ ಎಷ್ಟು ಚೆನ್ನಾಗಿದೆ," ಎಂದು ಚಿಕ್ಕತ್ತೆ ಮೂಗೊರೆಸಿಕೊಂಡರು. ಸೊಸೆಗೆ ಈಗ ಉಸಿರು ಬಂತು.

ಪ್ರಾರ್ಥನೆ ಮುಗಿಯಿತು. ಎಲ್ಲರೂ ಆಮೆನ್ ಎಂದರು. ಪೆಟ್ಟಿಗೆಯ ಮುಚ್ಚಳ ಹಿಡಿದವರು ಕಾಯುತ್ತಾ ನಿಂತರು. ಪಾದ್ರಿ ಮಾತ್ರ ತಲೆ ಎತ್ತಲಿಲ್ಲ. ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಮೆಲ್ಲಗೆ ಮುಂದಿನ ಪುಟ ತಿರುಗಿಸಿದರು.