ಏರು ಹತ್ತುವ ಗಾಡಿ

“ಏಯ್, ಆ ಧೂಳು ಬಟ್ಟೇಲಿ ಕುರ್ಚಿ ಮೇಲೆ ಕೂತಿದೀಯಲ್ಲ, ನಿಮ್ಮಪ್ಪ ಬಂದು ತೊಳೀತಾನಾ? ಏಳು ಮೇಲೆ.”

ಅತ್ತಿಗೆ ಎದ್ದು ನಿಂತಳು. ಹಳೇ ಗಾಡಿ ಮಾರುವ ದಲ್ಲಾಳಿ ಕುರ್ಚಿಯನ್ನು ಬಟ್ಟೆಯಿಂದ ಎರಡೆರಡು ಸಲ ಝಾಡಿಸಿ, ಆ ಬಟ್ಟೆಯನ್ನು ನಮ್ಮ ಕಾಲ ಬಳಿಗೇ ಎಸೆದ. ನಾವು ಅಂಗಳಕ್ಕೆ ಇಳಿದೆವು. ಸಾಲಾಗಿ ನಿಂತ ಟಿಪ್ಪರ್‌ಗಳ ನಡುವೆ ನಮ್ಮವರು ಕಾಯುತ್ತಿದ್ದರು, ಕಲ್ಲು ಒಡೆಯುವ, ಹೊರುವ ಗಂಡಸರು ಹೆಂಗಸರು. ಹೆಂಗಸರ ಕಿವಿಗಳು ಬೋಳಾಗಿದ್ದವು. ಕಿವಿಯಲ್ಲಿದ್ದದ್ದೆಲ್ಲ ಈಗ ಅತ್ತಿಗೆಯ ಸೊಂಟದ ಗಂಟಿನಲ್ಲಿ ನೋಟಾಗಿ ಕೂತಿತ್ತು.

ಅಣ್ಣ ಸತ್ತ ಮೇಲೆ ನಾವೆಲ್ಲ ಧಣಿಯ ಕಲ್ಲುಗಣಿ ಬಿಟ್ಟಿದ್ದೆವು. ಗುಡ್ಡದ ಮೇಲೆ ಹೊಸ ರಸ್ತೆ ಮಾಡಿಸುವ ಕಂಟ್ರಾಕ್ಟರನ ಬಳಿ ಕೆಲಸ ಕೇಳಿದಾಗ ಅವನು ಹೇಳಿದ್ದು ಒಂದೇ ಮಾತು. ತುಂಬಿದ ಕಲ್ಲು ಹೊತ್ತು ಏರು ಹತ್ತುವ ಗಾಡಿ ತಂದರೆ ಕೆಲಸ, ಇಲ್ಲದಿದ್ದರೆ ದಾರಿ ನೋಡಿಕೊಳ್ಳಿ. ನಮ್ಮಲ್ಲಿ ಗಾಡಿ ಓಡಿಸಲು ಬರುತ್ತಿದ್ದವನು ನಾನೊಬ್ಬನೇ. ಅಣ್ಣನೇ ಕಲಿಸಿದ್ದು.

ಮೊದಲನೆಯ ಗಾಡಿ ಸ್ಟಾರ್ಟ್ ಮಾಡಿ ಆಯಿಲ್ ಮುಚ್ಚಳ ತೆಗೆದರೆ ಒಲೆಯ ಹಾಗೆ ಹೊಗೆ ಉಗುಳಿತು. ಎರಡನೆಯದು ಖಾಲಿ ಇದ್ದಾಗ ಕುದುರೆಯಂತೆ ಹಾರಿತು. ಲೋಡು ಹಾಕಿ ನೋಡುತ್ತೇವೆ ಎಂದೆ. ದಲ್ಲಾಳಿಗೆ ನಗು ಬಂತು. ಅಂಗಳದ ಹಿಂದೆ ಅವನದೇ ಒಂದು ಕಲ್ಲಿನ ರಾಶಿ ಇತ್ತು, ಅದರಾಚೆ ಕಡಿದಾದ ಮಣ್ಣಿನ ದಿಬ್ಬ.

“ತುಂಬ್ಕೊಳ್ಳಿ, ದಿಬ್ಬದಾಚೆ ಸುರೀರಿ. ಆ ರಾಶಿ ಹೇಗೂ ಅಲ್ಲಿಗೆ ಸಾಗಿಸ್ಬೇಕಿತ್ತು. ಪುಕ್ಕಟೆ ಆಳು ಸಿಕ್ಕಿದ್ರೆ ಯಾವ ಮುಠ್ಠಾಳ ಬೇಡ ಅಂತಾನೆ?”

ನಮ್ಮವರು ತುಂಬಿದರು. ಗಾಡಿ ದಿಬ್ಬದ ನಡುವೆಯೇ ಉಸಿರು ಬಿಟ್ಟು ಹಿಂದೆ ಜಾರಿತು. ಇಳಿಸಿದರು. ಇನ್ನೊಂದಕ್ಕೆ ತುಂಬಿದರು. ಅದೂ ಕಪ್ಪು ಹೊಗೆ ಕಾರುತ್ತ ನಿಂತುಬಿಟ್ಟಿತು. ಮತ್ತೆ ಇಳಿಸಿದರು. ಕ್ರಷರ್ ಸದ್ದನ್ನೂ ಮೀರಿಸಿ ಕೂಗುವುದರಿಂದ ನಾವು ಗಂಟಲಕ್ಕ ಎಂದೇ ಕರೆಯುತ್ತಿದ್ದವಳು ಬೆವರು ಒರೆಸಿಕೊಂಡು, ನನ್ನ ಮದುವೆಗೂ ಇಷ್ಟು ಗಂಡು ನೋಡಿರಲಿಲ್ಲ ಕಣೋ ಎಂದಳು. ಎಲ್ಲರೂ ನಕ್ಕರು. ಅಣ್ಣ ಹೋದ ಮೇಲೆ ಅತ್ತಿಗೆಯ ತುಟಿಯಲ್ಲಿ ಸಣ್ಣ ನಗು ಕಂಡದ್ದು ಆಗಲೇ.

ಕೊನೆಗೆ ಗೋಡೆಯ ಬದಿಯಲ್ಲಿದ್ದ ನೀಲಿ ಗಾಡಿ. ಬಣ್ಣ ಹೊಸದು, ಇನ್ನೂ ವಾಸನೆ ಆರಿರಲಿಲ್ಲ. ಇಂಜಿನ್ ಸದ್ದು ಒಂದೇ ಸಮ, ಕೆಮ್ಮಿಲ್ಲ ಕ್ಯಾಕರಿಕೆಯಿಲ್ಲ. ತುಂಬಿ ದಿಬ್ಬಕ್ಕೆ ಬಿಟ್ಟರೆ, ಹೊರೆ ಇದೆಯೆಂಬುದೇ ಗೊತ್ತಿಲ್ಲದ ಹಾಗೆ ಹತ್ತಿತು. ಕೆಳಗೆ ನಮ್ಮವರು ಕೈ ಎತ್ತಿ ಕೂಗಿದರು. ತುದಿ ಮುಟ್ಟಿದ ಮೇಲೆ ನಾನು ಕ್ಲಚ್ ಪೂರ್ತಿ ಒತ್ತಿದೆ. ಹತ್ತುವ ಆತಂಕದಲ್ಲಿ ಅಷ್ಟು ಹೊತ್ತು ಗಮನಿಸಿರದ ಏನೋ ಒಂದು ಎಡಗಾಲಿಗೆ ಅಡ್ಡ ಸಿಕ್ಕಿತು. ಬಗ್ಗಿ ನೋಡಿದೆ.

ಪೆಡಲಿನ ಮೇಲೆ ಬೆರಳು ದಪ್ಪದ ಕಬ್ಬಿಣದ ತುಂಡೊಂದನ್ನು ಬೆಸೆದಿದ್ದರು. ಸ್ವಲ್ಪ ಸೊಟ್ಟ.

ಕಲ್ಲು ಬಿದ್ದು ಅಣ್ಣನ ಎಡಗಾಲಿನ ಬೆರಳುಗಳು ಹೋಗಿದ್ದವು. ಕಾಲು ಕ್ಲಚ್‌ಗೆ ಎಟುಕುತ್ತಿರಲಿಲ್ಲ. ಅವನು ಆ ತುಂಡು ಬೆಸೆಸಿಕೊಂಡಾಗ ನಾನೇ ಪಕ್ಕದಲ್ಲಿ ನಿಂತು ಹಿಡಿದುಕೊಂಡಿದ್ದೆ. ನನ್ನ ಕೈ ಅಲುಗಿ ಸೊಟ್ಟಗಾಯಿತು. ಇರ್ಲಿ ಬಿಡೋ, ನನ್ನ ಕಾಲೂ ಸೊಟ್ಟ ಎಂದು ಅಣ್ಣ ನಕ್ಕಿದ್ದ.

ಬ್ರೇಕ್ ಹಿಡಿಯುತ್ತಿಲ್ಲ ಎಂದು ಅವನು ಧಣಿಗೆ ಹೇಳಿ ಹೇಳಿ ಸೋತಿದ್ದ. ಹಿಡಿಯದಿರುವುದು ನಿನ್ನ ಕುಂಟುಕಾಲು ಎಂದು ಧಣಿ ಎಲ್ಲರೆದುರು ಆಡಿಕೊಂಡಿದ್ದ. ಆಮೇಲೊಂದು ದಿನ ಗಣಿಯ ಏರಿನಲ್ಲಿ ತುಂಬಿದ ಗಾಡಿ ಹಿಂದಕ್ಕೆ ಜಾರಿತು. ಕೆಳಗೆ ಗಂಟಲಕ್ಕ ಮತ್ತು ಉಳಿದ ಹೆಂಗಸರು ಜಲ್ಲಿ ಒಡೆಯುತ್ತಿದ್ದರು. ಅಣ್ಣ ಹಾರಿಕೊಳ್ಳಲಿಲ್ಲ. ಗಾಡಿಯನ್ನು ಬಂಡೆಗೆ ತಿರುಗಿಸಿದ, ಅದು ಅವನ ಮಗ್ಗುಲಿಗೇ ಮಗುಚಿತು. ವಿಚಾರಣೆಗೆ ಬಂದ ಸಾರಿಗೆ ಇಲಾಖೆಯ ಇನ್ಸ್‌ಪೆಕ್ಟರು ಡ್ರೈವರ್ ಕುಡಿದಿದ್ದ ಎಂದರು. ಬ್ರೇಕ್ ನೋಡಿ ಸಾಹೇಬರೇ ಎಂದು ಅತ್ತಿಗೆ ಕಾಲು ಹಿಡಿದಾಗ, ಗಾಡಿ ಆಗಲೇ ಗುಜರಿಗೆ ಹೋಗಿ ಚೂರಾಗಿದೆ, ಏನನ್ನು ನೋಡಲಿ ಎಂದಿದ್ದರು. ಅಣ್ಣ ಜನ್ಮದಲ್ಲಿ ಕುಡಿದವನಲ್ಲ.

ನಾನು ಇಳಿದು ಚಕ್ರದ ಪಕ್ಕದಲ್ಲಿ ಕುಕ್ಕರಿಸಿದೆ. ಅತ್ತಿಗೆ ದಿಬ್ಬ ಹತ್ತಿ ಬಂದಳು. ನಾನು ಕ್ಯಾಬಿನ್ ಕಡೆ ಕೈ ತೋರಿಸಿದೆ. ಅವಳು ಹತ್ತಿದಳು. ಪೆಡಲನ್ನು ಬೆರಳಿನಿಂದ ಸವರಿದಳು. ಆಮೇಲೆ ಸೀಟಿನ ಮೇಲೆ ತಲೆಯಿಟ್ಟು ಕೂತವಳು ಎಷ್ಟು ಹೊತ್ತಾದರೂ ಏಳಲಿಲ್ಲ. ಕೆಳಗಿಂದ ದಲ್ಲಾಳಿ, ಅದೇನು ನಿನ್ನ ಮನೆ ಹಾಸಿಗೆನಾ ಎಂದು ಕಿರುಚುತ್ತಿದ್ದ.

ಎದ್ದಾಗ ಅವಳ ಕೆನ್ನೆಯ ಧೂಳಿನಲ್ಲಿ ನೀರಿಳಿದ ಗೆರೆಗಳಿದ್ದವು.

“ಏರು ಹತ್ತುತ್ತಾ ಇದು?”

“ಹತ್ತುತ್ತೆ ಅತ್ತಿಗೆ. ಆದ್ರೆ ಇದು ಬೇಡ.”

“ಅವರನ್ನ ಕೊಂದಿದ್ದು ಗಾಡಿ ಅಲ್ಲ. ಬ್ರೇಕ್ ಹೊಸದು ಹಾಕ್ಸು, ಇದನ್ನೇ ತಗೊಳ್ಳೋಣ. ಮೊದಲ್ನೇ ಲೋಡು ಮಾತ್ರ ಇನ್ಸ್‌ಪೆಕ್ಟರ್ ಬಾಗ್ಲಿಗೆ ಹೋಗ್ಬೇಕು. ಗುಜರಿಗೆ ಹೋದ ಗಾಡಿ ಕಲ್ಲು ಹೊತ್ಕೊಂಡು ಬಂದಿರೋದನ್ನ ಆ ಕಣ್ಣು ನೋಡ್ಲಿ.”

ಗಾಡಿ ಕೊಂಡು, ಬ್ರೇಕ್ ಹಾಕಿಸಿ, ಕಲ್ಲು ತುಂಬಿಸಿ, ಎಲ್ಲರೂ ಅದರ ಮೇಲೆಯೇ ಹತ್ತಿ ಕೂತು ಇನ್ಸ್‌ಪೆಕ್ಟರ್ ಕಚೇರಿಗೆ ಹೋದೆವು. ಗೇಟಿನೊಳಗೆ ಗಾಡಿ ನಿಲ್ಲಿಸಿದೆ, ಎಲ್ಲರೂ ಇಳಿದರು. ಒಳಗೆ ಫ್ಯಾನಿನ ಕೆಳಗೆ ಇನ್ಸ್‌ಪೆಕ್ಟರು ಕಿವಿ ಕೆರೆದುಕೊಳ್ಳುತ್ತಿದ್ದರು. ಅತ್ತಿಗೆ ಎಲ್ಲವನ್ನೂ ಹೇಳಿದಳು, ಒಂದೇ ಒಂದು ಸಲ ಹೊರಗೆ ಬಂದು ಪೆಡಲು ನೋಡಿ ಎಂದು ಕೈಮುಗಿದಳು. ಅವರು ಕಿಟಕಿಯಿಂದಲೇ ಗಾಡಿ ನೋಡಿ, ನಂಬರ್ ಬೇರೆ ಇದೆಯಲ್ಲ, ಕಬ್ಬಿಣದ ತುಂಡಿನ ಮೇಲೆ ನಿನ್ನ ಗಂಡನ ಹೆಸರು ಬರೆದಿದೆಯಾ ಎಂದು ಕೇಳಿದರು. ಅತ್ತಿಗೆ ಅಲ್ಲಾಡದೆ ನಿಂತೇ ಇದ್ದಾಗ ಅವರ ದನಿ ಮೆತ್ತಗಾಯಿತು.

“ನೋಡಮ್ಮ. ಅದೇ ಗಾಡಿ ಅಂತೀಯಾ, ಸರಿ. ಗುಜರಿ ಗಾಡಿ ರಸ್ತೆ ಮೇಲೆ ಓಡಬಾರದು. ಈಗಲೇ ಬೀಗದ ಕೈ ಇಲ್ಲಿಟ್ಟು ನಡ್ಕೊಂಡು ಹೋಗಿ. ಬೇರೆ ಗಾಡಿ ಅಂತೀಯಾ, ಅದೂ ಸರಿ. ಗಾಡಿ ನಿಮ್ಮದು, ನಿನ್ನ ಗಂಡ ಕುಡಿದು ಸತ್ತ. ಯಾವುದು ಬೇಕು ಹೇಳು.”

ಅತ್ತಿಗೆ ಹೊರಗೆ ಬಂದಳು. ಅವರು ಹೇಳಿದ್ದನ್ನು ನಮ್ಮವರಿಗೆ ತಿಳಿಸಿದಳು. ಒಬ್ಬ ಮುದುಕ, ನಿನ್ನ ಗಂಡನ ಹೆಸರು ಉಳೀಲಿ ಕಣವ್ವ, ಗಾಡಿ ಹೋದ್ರೆ ಹೋಗ್ಲಿ ಎಂದ. ಗಂಟಲಕ್ಕ ಅವನ ಮೇಲೆ ಹರಿಹಾಯ್ದಳು. ಆಮೇಲೆ ಅತ್ತಿಗೆಯ ಎರಡೂ ಕೈ ಹಿಡಿದುಕೊಂಡಳು. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ನಾನು ಕೇಳಿರಲಿಲ್ಲ.

“ನಿನ್ನ ಗಂಡ ನನ್ನ ಜೀವ ಉಳಿಸಿದ ಕಣೇ. ಮರ್ತಿಲ್ಲ. ಆದ್ರೆ ಉಳಿದ ಜೀವಕ್ಕೆ ಹೊಟ್ಟೆ ಇದೆಯಲ್ಲ. ನನ್ನ ಮಕ್ಕಳ ಬಾಯಿಗೆ ಏನು ಹಾಕ್ಲಿ ಹೇಳು. ಸತ್ತೋರಿಗೆ ಕೇಳ್ಸಲ್ಲ, ಬೇರೆ ಗಾಡಿ ಅಂದ್ಬಿಡೆ.”

ಅತ್ತಿಗೆ ಅವಳ ಬೋಳು ಕಿವಿಯನ್ನೇ ನೋಡಿದಳು. ತಲೆಯಾಡಿಸಿ ಒಳಗೆ ಹೋದಳು. ನಾನೂ ಹಿಂದೆ ಹೋದೆ.

“ಬೇರೆ ಗಾಡಿ ಸಾಹೇಬ್ರೇ.”

“ಹಾಗೆ ಬಾ ದಾರಿಗೆ. ಮತ್ತೆ ನಾಳೆ ಇನ್ನೊಂದು ಕಥೆ ಕಟ್ಕೊಂಡು ಬರ್ತೀಯ, ಮುಂಡೆ. ಈಗಲೇ ಬಾಯಿಬಿಟ್ಟು ಹೇಳ್ಬಿಡು. ಇವರೆಲ್ಲ ಕೇಳ್ಲಿ. ನನ್ನ ಗಂಡ ಕುಡುಕ ಅನ್ನು.”

ಮೇಜುಗಳ ಹಿಂದಿನ ತಲೆಗಳು ಮೇಲೆದ್ದವು. ಅತ್ತಿಗೆ ಬಾಯಿ ತೆರೆದಳು. “ನನ್ನ ಗಂಡ” ಎಂದಳು. ಮುಂದಿನದು ಬರಲಿಲ್ಲ. ಇನ್ನೊಮ್ಮೆ “ನನ್ನ ಗಂಡ” ಎಂದಳು. ಯಾರೋ ಕಿಸಕ್ಕನೆ ನಕ್ಕರು. ಅವಳು ಬಾಯಿ ಮುಚ್ಚಿ, ತಿರುಗಿ, ನೆಟ್ಟಗೆ ನಡೆದು ಗಾಡಿಯ ಬಳಿಗೆ ಬಂದಳು.

“ಹಿಂದಕ್ಕೆ ತಗೊಂಡು ಬಾಗ್ಲಿಗೆ ಆನಿಸು. ತೊಟ್ಟಿ ಎತ್ತು.”

“ಗಾಡಿ ಹೋಗುತ್ತೆ ಅತ್ತಿಗೆ.”

“ಎತ್ತು ಅಂದೆ.”

ನಾನು ಕ್ಲಚ್ ಒತ್ತಿದೆ. ಮೆಟ್ಟಿಲ ಬಳಿ ಇದ್ದವರು ಚೆಲ್ಲಾಪಿಲ್ಲಿಯಾಗಿ ಓಡಿದರು. ಗಂಟಲಕ್ಕ ಗಾಡಿಗೆ ಅಡ್ಡ ಬಂದು ಎರಡು ಕೈ ಚಾಚಿ ನಿಂತಳು. ಅತ್ತಿಗೆ ಅವಳನ್ನು ಸೊಂಟಕ್ಕೆ ಕೈಹಾಕಿ ಎಳೆದುಕೊಂಡಳು. ಕಲ್ಲು ತುಂಬಿದ ಹಿಂದಿನ ತೊಟ್ಟಿ ನಿಧಾನಕ್ಕೆ ಎದ್ದಿತು. ಅಷ್ಟು ಭಾರವನ್ನು ಅದು ನಡುಗದೆ ಎತ್ತಿತು. ಬಂಡೆಗಲ್ಲುಗಳೆಲ್ಲ ಕಚೇರಿಯ ಬಾಗಿಲಿಗೆ ಉರುಳಿ ಬಿದ್ದವು. ಒಳಗಿದ್ದವರು ಒಳಗೇ ಉಳಿದರು. ಧೂಳು ಇಳಿಯುವ ಹೊತ್ತಿಗೆ ಅತ್ತಿಗೆ ರಾಶಿಯ ತುದಿಯಲ್ಲಿ ಕೂತಿದ್ದಳು. ಕಲ್ಲಿನ ಸಂದಿಯಿಂದ ಇನ್ಸ್‌ಪೆಕ್ಟರ್ ಬೈಯುವುದು ಕೇಳುತ್ತಿತ್ತು, ಸೂಳೆಮಕ್ಕಳು, ಹಲ್ಕಾ ನನ್ಮಕ್ಕಳು ಎಂದು. ಅವಳು ಆ ಕಡೆ ತಿರುಗಲಿಲ್ಲ.

ಪೊಲೀಸರು ಬಂದು ನನ್ನನ್ನು ಕೆಳಗೆಳೆದು ಒದ್ದರು. ಬೀಗದ ಕೈ ಕಿತ್ತುಕೊಂಡರು. ಒಬ್ಬ ಪೇದೆ ನೀಲಿ ಗಾಡಿ ಹತ್ತಿ, ಗೇರನ್ನು ಕರಕರ ಅನ್ನಿಸುತ್ತ ಗೇಟು ದಾಟಿಸಿದ. ಗಂಟಲಕ್ಕ ಅದರ ಹಿಂದೆ ಓಡಿದಳು. ಹಿಂಬಾಗಿಲಿನ ಸರಪಳಿ ಹಿಡಿದು ಸ್ವಲ್ಪ ದೂರ ಎಳೆಸಿಕೊಂಡು ಹೋದಳು, ಕಾಲು ತಪ್ಪಿ ರಸ್ತೆಗೆ ಬಿದ್ದಳು. ಗಾಡಿ ತಿರುವಿನಲ್ಲಿ ಮರೆಯಾಯಿತು.

ನನ್ನನ್ನು ಜೀಪಿಗೆ ತುಂಬಿದಾಗ ಅವಳು ವಾಪಸು ಬರುತ್ತಿದ್ದಳು. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ರಾಶಿಯ ಬುಡಕ್ಕೆ ಬಂದವಳು ಬಗ್ಗಿ ಒಂದು ಕಲ್ಲು ಎತ್ತಿಕೊಂಡಳು. ಅವಳ ಎದುರಿಗೆ ಮೇಲೆ ಅತ್ತಿಗೆ ಕೂತಿದ್ದಳು, ಅತ್ತಿಗೆಯ ಬೆನ್ನ ಹಿಂದೆ ಕಚೇರಿಯ ಗಾಜಿನ ಕಿಟಕಿ ಇತ್ತು. ಅತ್ತಿಗೆ ಅವಳನ್ನೇ ನೋಡುತ್ತಿದ್ದಳು, ತಲೆ ತಗ್ಗಿಸಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ.

ಗಂಟಲಕ್ಕನ ತೋಳು ಮೇಲೆದ್ದಿತು. ಜೀಪು ತಿರುಗಿತು.