ಕರೆಂಟ್ ಹೋದ ಮೇಲಿನ ಬಿಸಿಲು

ಅತ್ತೆ ಬಂಡಮ್ಮನ ಉಸಿರಾಟದ ಮಷೀನು ಕರೆಂಟ್ ಇದ್ದರಷ್ಟೇ ಓಡುತ್ತದೆ. ಶಹಾಬಜಾರದ ನಮ್ಮ ಓಣಿಯ ಕರೆಂಟಿಗೋ, ಮೇ ತಿಂಗಳು ಬಂತೆಂದರೆ ಎಲ್ಲಿಲ್ಲದ ಸೊಕ್ಕು. ಇನ್ವರ್ಟರ್ ಮುದಿಯಾಗಿ ಅರ್ಧ ತಾಸೂ ತಡೆಯುತ್ತಿರಲಿಲ್ಲ. ಅದಕ್ಕೇ ನಾನು ಗಂಡನಿಗೆ ಹೇಳದೆ, ಗೋಡೆಯ ಪ್ಲಗ್ಗಿಗೆ ನೇರವಾಗಿ ಚುಚ್ಚುವ ಸೋಲಾರ್ ಪ್ಯಾನಲ್ ತಂದು ಮಾಳಿಗೆಯ ಮೇಲೆ ಇಡಿಸಿದೆ. ನಮ್ಮೂರಲ್ಲಿ ಬಿಸಿಲಿಗೇನು ಬರ?

ಗಂಡ ಬೀರಲಿಂಗ ಕಮಲಾಪುರದಲ್ಲಿ ಲೈನ್‌ಮನ್. ರಜೆಗೆ ಬಂದವನು ಅದನ್ನು ಕಂಡು ಕೂಗಾಡಿದ. ಪರವಾನಗಿ ಇಲ್ಲದೆ ಸೋಲಾರನ್ನು ಲೈನಿಗೆ ಕೂಡಿಸುವಂತಿಲ್ಲವಂತೆ. ಅರ್ಜಿ ಹಾಕೋಣವೆಂದರೆ ಬಾಡಿಗೆ ಮನೆ, ಮೀಟರು ನಮ್ಮ ಹೆಸರಿನಲ್ಲಿಲ್ಲ. ಮೇಲಾಗಿ ಲೈನಿನಲ್ಲಿ ಕರೆಂಟ್ ಹೋದೊಡನೆ ಪ್ಯಾನಲ್ಲೂ ತಾನಾಗಿ ಬಂದ್ ಆಗಬೇಕೆಂಬ ನಿಯಮವಿದೆಯಂತೆ. ನಾನು ನಕ್ಕುಬಿಟ್ಟೆ. ಕರೆಂಟ್ ಇಲ್ಲದಾಗ ಬೇಕೆಂದು ತಂದದ್ದು ಕರೆಂಟ್ ಇಲ್ಲದಾಗಲೇ ನಿಲ್ಲಬೇಕೆಂದರೆ, ಆ ನಿಯಮ ಬರೆದವನ ತಲೆ ನೆಟ್ಟಗಿಲ್ಲ.

ಅವನು ಕಮಲಾಪುರಕ್ಕೆ ಮರಳಿದ ಮಧ್ಯಾಹ್ನವೇ ಕರೆಂಟ್ ಹೋಯಿತು. ಪ್ಯಾನಲ್ಲೂ ನಿಂತಿತು, ತುಸು ಹೊತ್ತಿಗೆ ಇನ್ವರ್ಟರೂ. ಅತ್ತೆಗೆ ತೇಕು ಹತ್ತಿತು. ಓಣಿಯ ಮೆಕ್ಯಾನಿಕ್ ಅಲ್ಲಾಬಕ್ಷ ಓಡಿಬಂದು, ಪ್ಯಾನಲ್ಲನ್ನು ತಾನಾಗಿ ನಿಲ್ಲಿಸುವ ಒಳಗಿನ ಕಟ್ಟು ಬಿಡಿಸಿದರೆ ಓಡೀತು, ಆದರೆ ಪ್ರತಿ ಸಲ ಮೊದಲು ಮನೆಯ ಮೇನ್ ಸ್ವಿಚ್ ಬಂದ್ ಮಾಡಲೇಬೇಕು ಎಂದ. ಅದೇನು ಮಹಾ ಕೆಲಸವೆಂದು ಗಂಡನಿಗೆ ಫೋನ್ ಹಚ್ಚಿದೆ.

ಕಟ್ಟು ಬಿಡಿಸುವುದು ಬೇಡವೆಂದ. ಹೋದ ವರ್ಷ ಅವನ ಜೊತೆಗಾರ ಶಿವಶರಣ, ಲೈನ್ ಬಂದ್ ಇದೆಯೆಂದು ನಂಬಿ ಕಂಬ ಹತ್ತಿದ್ದ. ಯಾರದೋ ಮನೆಯ ಜನರೇಟರಿನಿಂದ ಕರೆಂಟ್ ಹಿಂದಕ್ಕೆ ಹರಿದು ಬಂತು. ಹೆಣ ಇಳಿಸಿದವನು ಬೀರಲಿಂಗನೇ.

"ಅವ್ವಗ ತೇಕು ಹತ್ತಿದಾಗ ನಿನಗ ಮೇನ್ ನೆನಪಿರ್ತದೇನು?" ಎಂದ. "ಒಂದ್ ದಿನ ಮರ್ತಿ ಅಂದ್ರ, ಕಂಬದ ಮ್ಯಾಲ ನನ್ನಂಥವ ಒಬ್ಬ ಇರ್ತಾನ."

"ಹಂಗಾರ ನಾ ಏನ್ ಮಾಡ್ಲಿ, ಹೇಳ್ರಿ."

ಅವನಿಗೋ ಹೆತ್ತ ತಾಯಿಯ ಜೀವದ ಮಾತು.

"ಗಾಳಿ ಹಾಕು," ಎಂದ.

ಆಸ್ಪತ್ರೆಗೆ ಹೋಗಲೆಂದು ಅಲ್ಲಾಬಕ್ಷನನ್ನು ಆಟೋ ತರಲು ಅಟ್ಟಿದೆ. ಆಟೋ ನಮ್ಮ ಓಣಿಯೊಳಗೆ ಬರುವುದಿಲ್ಲ, ಅತ್ತೆಯನ್ನು ಎತ್ತಿಕೊಂಡೇ ಹೋಗಬೇಕು. ಆಕೆಯನ್ನು ದಿಂಬಿಗೆ ಒರಗಿಸಿ ಬೀಸತೊಡಗಿದೆ. ಬೀಸಣಿಗೆಯಿಂದ ಉಸಿರು ಬರುವುದಿಲ್ಲವೆಂದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಪ್ಯಾನಲ್ಲು ಬಿಸಿಲಿಗೆ ಓಡುತ್ತದೆ ಎಂಬುದೊಂದೇ ಆಕೆ ಬಲ್ಲ ನಿಯಮ. ಬಿಸಿಗಾಳಿ ಬಾರದಂತೆ ಮುಚ್ಚಿದ್ದ ಕಿಟಕಿಯ ಕಡೆ ನೋಡುತ್ತ ಕಷ್ಟಪಟ್ಟು ಕೇಳಿದಳು.

"ಬಿಸಲು... ಬಿದ್ದಿಲ್ಲೇನು ಇವತ್ತ?"

ಹೊರಗೆ ಕಣ್ಣು ಬಿಡಲಾಗದಷ್ಟು ಬಿಸಿಲಿತ್ತು.

"ಇಲ್ರಿ ಅತ್ತಿ," ಎಂದೆ. "ಮೋಡ ಕವಿದಾವ."