ವಠಾರದ ಕುರ್ಚಿ

"ಬಡವರ ಮನೆಯಂತೆ, ಬಡವರ ಮನೆ!" ತಪಾಸಣೆಗೆ ಬಂದ ಸರ್ಕಾರಿ ಸಾಹೇಬ ಕುರ್ಚಿಯ ಮೆತ್ತೆಯನ್ನು ಅಂಗೈಯಿಂದ ತಟ್ಟಿ ನೋಡಿದ. "ಇಂಥಾ ಕುರ್ಚಿ ನಮ್ಮನೇಲೇ ಇಲ್ವಲ್ಲಮ್ಮ. ಯಾವನು ಕೊಡಿಸಿದ್ದು?"

ಬಾಟ್ಲಿ ಅಕ್ಕ ಬಾಗಿಲ ಪಕ್ಕದ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಗಂಡ ಕಟ್ಟಡದ ಸಾರುವೆಯಿಂದ ಬಿದ್ದು ಸತ್ತ ಮೇಲೆ ಆ ಕೋಣೆಯಲ್ಲಿ ಇದ್ದವರು ಅವಳು, ಅವಳ ಅತ್ತೆ, ಇಬ್ಬರೇ. ಅದು ಸಾಹೇಬನ ಕೈಯಲ್ಲಿದ್ದ ಕಾಗದದಲ್ಲೂ ಇತ್ತು. ಇದ್ದರೂ ಕೇಳಿದ.

"ಅದು ನಮ್ದಲ್ಲ ಸಾರ್. ಕೆಳಗಡೆ ದರ್ಜಿ ಅಣ್ಣಂದು."

"ಓಹೋ. ಈ ಫ್ಯಾನು?"

"ಎದುರು ಮನೆ ಡ್ರೈವರ್ ಹೆಂಡ್ತೀದು."

"ಈ ಹೂವಿನ ಚಿತ್ರದ ಲೋಟ?"

"ಕೊನೇ ಮನೆ ಆಯಮ್ಮಂದು ಸಾರ್, ಆಸ್ಪತ್ರೇಲಿ ಕೆಲ್ಸ ಮಾಡ್ತಾರಲ್ಲ, ಅವ್ರುದ್ದು."

"ಪರದೆ ಹಿಂದೆ ಮುದುಕಿ ಒಬ್ಳು ಕೆಮ್ತಿದಾಳಲ್ಲ, ಅವಳಾದ್ರೂ ನಿನ್ನೋಳೋ, ಇಲ್ಲ ಅವಳ್ನೂ ಯಾರ ಹತ್ರಾನೋ ಕೈಗಡ ತಂದಿದೀಯೋ?"

ತನ್ನ ಮಾತಿಗೆ ತಾನೇ ನಕ್ಕ ಸಾಹೇಬ ಅದೇ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಅದೇ ಫ್ಯಾನಿನ ಗಾಳಿ ಕುಡಿಯುತ್ತ, ಅದೇ ಲೋಟದಲ್ಲಿ ಟೀ ಹೀರಿದ. ಬಿಸ್ಕತ್ತನ್ನು ಅದ್ದಿ ಅದ್ದಿ ತಿಂದ. ಒಂದು ಅರ್ಧ ಮುರಿದು ಟೀಯೊಳಗೆ ಬಿದ್ದಾಗ ಚಮಚ ಕೇಳಿ ಇಸಕೊಂಡು ಅದನ್ನೂ ಬಿಡದೆ ಮೇಲೆತ್ತಿದ. ಎಲ್ಲ ಮುಗಿದ ಮೇಲೆ ಬಾಯಿ ಒರೆಸಿಕೊಂಡು ಜೇಬಿನಿಂದ ಪೆನ್ನು ತೆಗೆದ. ಮೆತ್ತೆ ಕುರ್ಚಿ, ಇದೆ. ಫ್ಯಾನು, ಇದೆ. ಗಾಜಿನ ಲೋಟ, ಇದೆ. ಬಂದವರಿಗೆ ಬಿಸ್ಕತ್ತು ಕೊಡುವ ಅನುಕೂಲ, ಇದೆ.

ಪರದೆಯ ಹಿಂದಿನಿಂದ ಅತ್ತೆಯ ದನಿ ಬಂತು. "ತಿಂದಿದ್ದು ಅರಗೋಕಾದ್ರೂ ಬಿಡೋ ಬೇವರ್ಸಿ!"

ಪಾಪ, ದಮ್ಮಿನ ಎದೆಯಿಂದ ಬಂದ ಮಾತು ಸಾಹೇಬನ ಕಿವಿಯವರೆಗೆ ಹೋಗಲಿಲ್ಲ.

ಆ ವಠಾರಕ್ಕೆ ಒಂದು ರೂಢಿ ಇತ್ತು. ಯಾರ ಮನೆಗಾದರೂ ಮರ್ಯಾದಸ್ಥರು ಬರುತ್ತಾರೆಂದರೆ, ಮಗಳ ಮದುವೆ ಮಾತಾಡುವವರೋ, ಶಾಲೆಯ ಮೇಷ್ಟ್ರೋ, ಎಷ್ಟೋ ವರ್ಷದಿಂದ ಮುನಿಸಿಕೊಂಡಿದ್ದ ಅಣ್ಣನೋ, ಆ ದಿನ ವಠಾರದ ಒಳ್ಳೆಯ ಸಾಮಾನೆಲ್ಲ ಆ ಒಂದು ಕೋಣೆಗೆ ಬಂದು ಸೇರುತ್ತಿತ್ತು. ದರ್ಜಿಯ ಕುರ್ಚಿಯಂತೂ ಆ ಮೆಟ್ಟಿಲುಗಳನ್ನು ಹತ್ತಿಳಿದಷ್ಟು ಮನುಷ್ಯರೂ ಹತ್ತಿಳಿದಿರಲಿಕ್ಕಿಲ್ಲ. ಅದರಲ್ಲಿ ದರ್ಜಿ ಕೂತಿದ್ದನ್ನು ಯಾರೂ ನೋಡಿರಲಿಲ್ಲ. ಸರ್ಕಾರದಿಂದ ಸಾಹೇಬರು ಬರುತ್ತಾರೆ ಎಂದು ಗೊತ್ತಾದಾಗ ಬಾಟ್ಲಿ ಅಕ್ಕ ಒಂದು ದಿನದ ಕೂಲಿ ಬಿಟ್ಟು ಗೋಡೆಗೆ ಸುಣ್ಣ ಹೊಡೆದಳು, ನೆಲ ಉಜ್ಜಿದಳು, ಕುರ್ಚಿ ತರಿಸಿದಳು. ಮನೆಗೆ ಬಂದವರನ್ನು ನೆಲದ ಮೇಲೆ ಕೂರಿಸುವುದೆಂದರೆ ಅವಳಿಗೆ ಮಾನ ಹೋದ ಹಾಗೆ. ಬರುವವನು ಮನೆಯವರ ಮಾನವನ್ನು ಅಳೆಯುವುದಕ್ಕಲ್ಲ, ಇಲ್ಲದಿರುವಿಕೆಯನ್ನು ಅಳೆಯುವುದಕ್ಕೆ ಬರುತ್ತಾನೆ ಎಂಬುದು ತಲೆಗೆ ಹೊಳೆಯಲೇ ಇಲ್ಲ.

ಅವಳ ಕೆಲಸ ಹಳೇ ಬಾಟಲಿ ತೊಳೆಯುವ ಶೆಡ್ಡಿನಲ್ಲಿ. ಬೆಳಗಿನಿಂದ ಸಂಜೆವರೆಗೆ ಸೋಡಾಪುಡಿ ಕಲಸಿದ ಬಿಸಿನೀರಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಚೀಟಿ ಕೆರೆಯಬೇಕು, ಒಳಗೆ ಬ್ರಷ್ಷು ಹಾಕಿ ತಿರುವಬೇಕು, ಬೆಳಕಿಗೆ ಹಿಡಿದು ನೋಡಬೇಕು. ಬಾಯಿ ಒಡೆದ ಬಾಟಲಿ ನೀರೊಳಗೆ ಕಾಣುವುದಿಲ್ಲ. ಅದು ಬೆರಳಿಗೇ ಗೊತ್ತಾಗುವುದು. ಅಲ್ಲಿ ಸಿಕ್ಕ ಕೂಲಿ ಬಾಡಿಗೆಗೂ ಅಡುಗೆಗೂ ಮುಗಿಯುತ್ತಿತ್ತು. ದುಡಿದರೂ ಸಾಲದವರಿಗೆ ಸರ್ಕಾರ ತಿಂಗಳು ತಿಂಗಳು ಕೊಡುತ್ತಿದ್ದ ಸಹಾಯಧನಕ್ಕೆ ವಠಾರದವರು ಇಟ್ಟ ಹೆಸರು 'ಕೂಲಿಯ ಬಾಲ'. ಆ ಬಾಲದಲ್ಲೇ ಅತ್ತೆಯ ಉಸಿರಿನ ಪಂಪು ಬರುತ್ತಿತ್ತು. ಬಾಯಿಗಿಟ್ಟು ಒತ್ತಿದರೆ ಮುದುಕಿಯ ಎದೆ ಬಿಚ್ಚಿಕೊಳ್ಳುತ್ತಿತ್ತು, ಎದೆ ಬಿಚ್ಚಿಕೊಂಡರೆ ಬಾಯೂ ಬಿಚ್ಚಿಕೊಳ್ಳುತ್ತಿತ್ತು.

ಬಡ ಹೆಂಗಸರಿಗೆ ಕೆಲಸ ಕೊಟ್ಟಿದ್ದಾನೆಂದು ಶೆಡ್ಡಿನ ಯಜಮಾನನಿಗೂ ಸರ್ಕಾರ ತೆರಿಗೆಯಲ್ಲಿ ಭಾರೀ ರಿಯಾಯಿತಿ ಕೊಟ್ಟಿತ್ತು. ಅವನ ಮನೆಗೆ ಯಾರೂ ಹೋಗಿ ಕುರ್ಚಿ ಎಣಿಸಲಿಲ್ಲ.

ಮುಂದಿನ ತಿಂಗಳು ಬಾಲ ಬರಲಿಲ್ಲ.

ಕಚೇರಿಯಲ್ಲಿ ಜನ ಕೂರಲೆಂದು ಬೆಂಚು ಹಾಕಿದ್ದರು. ಆದರೆ ಬೆಂಚಿನ ಮೇಲೆ ಹಳೇ ಫೈಲುಗಳು ಕೂತಿದ್ದವು, ಜನ ನಿಂತಿದ್ದರು. ಬಾಟ್ಲಿ ಅಕ್ಕನ ಸರದಿ ಬರುವ ಹೊತ್ತಿಗೆ ಸಾಹೇಬ ಊಟದ ಡಬ್ಬಿ ಮುಚ್ಚುತ್ತಿದ್ದ.

"ಕುರ್ಚಿ ನಮ್ದಲ್ಲ ಸಾರ್. ಬೇಕಾದ್ರೆ ದರ್ಜೀನೇ ಕರ್ಕೊಂಬರ್ತೀನಿ."

"ದರ್ಜಿ ಬಂದು ಕುರ್ಚಿ ನಂದು ಅಂದ್ರೆ ದರ್ಜಿ ಮನೇಗೂ ಬರ್ತೀನಿ. ಅವನೂ ತಗೊಳ್ತಿದಾನಲ್ಲ ಸಹಾಯಧನ? ಹೇಳು, ಯಾರದ್ದು ಕುರ್ಚಿ?"

ಅವಳು ಬಾಯಿ ಮುಚ್ಚಿಕೊಂಡಳು. ಸಾಹೇಬನಿಗೆ ಖುಷಿಯಾಯಿತು.

"ನೋಡಿದ್ಯಾ? ಸುಳ್ಳು ಹೇಳೋಕೂ ಬುದ್ಧಿ ಬೇಕು. ತೆರಿಗೆ ಕಟ್ಟೋರ ದುಡ್ಡಮ್ಮ ಇದು. ಫ್ಯಾನ್ ಗಾಳೀಲಿ ಬಿಸ್ಕತ್ ತಿನ್ನೋರಿಗೆ ಕೊಡೋಕಲ್ಲ."

"ಬಿಸ್ಕತ್ ನೀವು ತಿಂದ್ರಿ ಸಾರ್."

ಹಿಂದೆ ನಿಂತವರು ಯಾರೋ ಕಿಸಕ್ಕೆಂದರು. ಸಾಹೇಬನ ಮುಖ ಕೆಂಪಾಯಿತು. "ಬಾಯಿ ಜಾಸ್ತಿ ಆಯ್ತು ನಿಂದು. ಇನ್ನೊಂದ್ಸಲ ಬಂದು ನೋಡ್ತೀನಿ, ಅದೇ ಕೊನೆ. ಅವತ್ತು ಒಂದು ಸೂಜಿ ಹೆಚ್ಗೆ ಕಂಡ್ರೂ ನಿನ್ನ ಹೆಸ್ರು ಹೊಡೆದು ಹಾಕ್ತೀನಿ. ನಡಿ!"

ಹೊರಗೆ ಮೆಟ್ಟಿಲ ಬುಡದಲ್ಲಿ ಅರ್ಜಿ ಬರೆದುಕೊಡುವ ದಲ್ಲಾಳಿಯೊಬ್ಬ ಕೂತಿರುತ್ತಿದ್ದ. ಎಲ್ಲರೂ ಅವನನ್ನು ಕನ್ನಡಕ ಎಂದೇ ಕರೆಯುತ್ತಿದ್ದರು. ಅವಳ ಕಥೆ ಕೇಳಿ ಕನ್ನಡಕ ಹಣೆ ಹಣೆ ಚಚ್ಚಿಕೊಂಡ.

"ಸುಣ್ಣ ಹೊಡೆದ್ಯಾ? ಅಯ್ಯೋ ನಿನ್ನ! ಬಡವರು ಬಡವರ ಥರ ಕಾಣ್ಬೇಕಮ್ಮ. ನೆಟ್ಟಗೆ ನಿಂತ್ಕೊಂಡು ಮಾತಾಡ್ತೀಯಲ್ಲ, ಮೊದ್ಲು ಅದನ್ನ ಬಿಡು. ಗೋಡೆಗೆ ಮಸಿ ಬಳಿ. ಹರಿದ ಚಾಪೆ ಹಾಸು. ಮುದುಕೀನ ಅದರ ಮೇಲೆ ಮಲಗ್ಸಿ ಕೆಮ್ಮೋಕೆ ಹೇಳು."

ಈ ಉಪದೇಶವನ್ನು ಮನೆಯಲ್ಲಿ ಒಪ್ಪಿಸಿದಾಗ ಅತ್ತೆ ಪಂಪನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದಳು. ಈಚೆಗೆ ಅದೇ ಅವಳ ಅಭ್ಯಾಸವಾಗಿತ್ತು. ಒಳಗೆ ಔಷಧ ಕುಲುಕಿದ ಸದ್ದು ಕೇಳಿದರೆ ಸಮಾಧಾನವಾಗಿ, ಒತ್ತದೆ ಹಾಗೇ ದಿಂಬಿನ ಕೆಳಗೆ ಇಡುತ್ತಿದ್ದಳು.

"ಕೆಮ್ಮೋದನ್ನ ಆ ಮುಂಡೇಮಗ ನಂಗೆ ಹೇಳ್ಕೊಡ್ಬೇಕಾ?" ಎಂದಳು. ಆಮೇಲೆ ಮೆತ್ತಗೆ, "ಮಾಡೋಣ ಬಿಡು ಹುಡುಗಿ. ನಾಟಕ ತಾನೇ," ಎಂದಳು.

ಸಾಹೇಬ ಬರುವ ದಿನ ವಠಾರ ತನ್ನ ರೂಢಿಯನ್ನು ತಲೆಕೆಳಗು ಮಾಡಿತು. ಎಲ್ಲರ ಮನೆಯ ಮುರುಕಲೂ ಹರಕಲೂ ಮೆರವಣಿಗೆ ಹೊರಟು ಬಾಟ್ಲಿ ಅಕ್ಕನ ಕೋಣೆ ಸೇರಿದವು. ಡ್ರೈವರನ ಹೆಂಡತಿ ತಳ ಸುಟ್ಟ ಪಾತ್ರೆ ತಂದಳು, ಆಯಮ್ಮ ಕಾಲು ಮುರಿದ ಸ್ಟೂಲು ತಂದಳು. ನನ್ನ ಚಾಪೆ ನಿನ್ನದಕ್ಕಿಂತ ಕೊಳಕು ಎಂದು ಇಬ್ಬರು ಹೆಂಗಸರು ಜಂಬದಿಂದ ವಾದಕ್ಕೆ ನಿಂತು, ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡರು. ದರ್ಜಿಯ ಮನೆಯಲ್ಲಿ ಮಾತ್ರ ಹರಿದದ್ದು ಏನೂ ಇರಲಿಲ್ಲ. ಅವನು ಒಳ್ಳೆಯ ಹೊದಿಕೆಯೊಂದನ್ನು ತಂದು, ಕತ್ತರಿ ಹಿಡಿದು, ಬಹಳ ಹೊತ್ತು ನಿಂತು, ಕೊನೆಗೆ ಕತ್ತರಿಸಿದ. ನೇರವಾಗಿ, ನೂಲು ಏಳದ ಹಾಗೆ ಕತ್ತರಿಸಿದ.

"ಹಿಂಗೆ ಯಾರ ಬಟ್ಟೆ ಹರಿಯುತ್ತೆ ಅಣ್ಣಾ?" ಎಂದು ಬಾಟ್ಲಿ ಅಕ್ಕ ಅದನ್ನು ಕಿತ್ತುಕೊಂಡು ಪರಪರನೆ ಹರಿದಳು. ದರ್ಜಿ ಆ ಕಡೆ ಮುಖ ತಿರುಗಿಸಿಕೊಂಡ.

ಎಲ್ಲರೂ ಹೋದ ಮೇಲೆ ಅವಳು ಸ್ಟೌವಿನ ಮಸಿಯನ್ನು ಅಂಗೈಗೆ ಬಳಿದುಕೊಂಡು, ತಾನೇ ಸುಣ್ಣ ಹೊಡೆದಿದ್ದ ಗೋಡೆಗೆ ಒರೆಸಿದಳು. ಗಂಡನ ಹೆಣ ತಂದು ಮಲಗಿಸಿದ ದಿನವೂ ಅವಳು ಆ ಮನೆಯ ಕಸ ಗುಡಿಸದೆ ಬಿಟ್ಟಿರಲಿಲ್ಲ.

ಈ ಸಲ ಸಾಹೇಬ ಒಳಗೆ ಬಂದವನೇ ಸುತ್ತ ನೋಡಿ ತಲೆದೂಗಿದ. ತನ್ನ ಮನೆಗೇ ಬಂದಷ್ಟು ಹಾಯಾಗಿದ್ದ.

"ಹಾಂ, ಹಿಂಗಿರ್ಬೇಕು! ಹೋದ್ಸಲ ಯಾಕಮ್ಮ ಆ ವೇಷ?" ಎಂದು ಪಾತ್ರೆಯ ಮುಚ್ಚಳ ಎತ್ತಿ ಇಣುಕಿದ. ಒಳಗೆ ಅತ್ತೆಗೆಂದು ಬೇಯಿಸಿದ ಒಂದು ಮೊಟ್ಟೆ ಇತ್ತು. ಮುಚ್ಚಳ ಮುಚ್ಚಿ, "ಹೋಗ್ಲಿ, ಕಾಣ್ಲಿಲ್ಲ ಅನ್ಕೋತೀನಿ," ಎಂದ, ಮೊಟ್ಟೆಯಿಟ್ಟ ಕೋಳಿ ತಾನೇ ಎನ್ನುವ ಹಾಗೆ. ಅವಳು ಕನ್ನಡಕ ಹೇಳಿದಂತೆ ತಲೆ ತಗ್ಗಿಸಿ ನಿಂತಳು. ಗೋಡೆಯ ಮಸಿಯ ಫೋಟೋ ಆಯಿತು, ಹೊದಿಕೆಯ ಫೋಟೋ ಆಯಿತು. "ಸ್ವಲ್ಪ ಸಪ್ಪೆ ಮುಖ ಮಾಡಮ್ಮ," ಎಂದಾಗ ಅದನ್ನೂ ಮಾಡಿದಳು.

ಮಸಿಯ ಘಾಟಿಗೋ ಚಾಪೆಯ ಧೂಳಿಗೋ ಅತ್ತೆಗೆ ನಿಜವಾಗಿಯೇ ದಮ್ಮು ಹತ್ತಿತು. ಮುದುಕಿ ಎದ್ದು ಕೂತು ಪಂಪಿಗೆ ತಡಕಾಡಿದಳು.

"ತಡೀರಿ ತಡೀರಿ!" ಸಾಹೇಬ ಮೊಬೈಲನ್ನು ಅಡ್ಡ ಹಿಡಿದ. "ಪಂಪು ಕೆಳಗಿಡಿ ಅಜ್ಜಿ."

"ಸಾರ್?" ಎಂದಳು ಬಾಟ್ಲಿ ಅಕ್ಕ.

"ಅದನ್ನ ಎಳ್ಕೊಂಡ್ರೆ ಸರಿಹೋಗ್ಬಿಡ್ತಾಳಮ್ಮ. ವೀಡಿಯೋದಲ್ಲಿ ಕಾಯಿಲೆ ಕಾಣ್ಬೇಕೋ ಬೇಡ್ವೋ? ಮೇಲಿನೋರು ನೋಡ್ತಾರೆ. ನಿಮ್ ಒಳ್ಳೇದಕ್ಕೇ ಹೇಳ್ತಿರೋದು. ಒಂದ್ನಿಮಿಷ ಹಂಗೇ ಇರ್ಲಿ."

ಅತ್ತೆ ಸೊಸೆಯ ಮುಖ ನೋಡಿದಳು. ಯಾವ ಗಂಡಸಿನ ಮಾತಿಗೂ ಎಂದೂ ಬಗ್ಗದ ಆ ಬಾಯಿಬಡುಕಿ ಮುದುಕಿ ತಾನಾಗಿಯೇ ಪಂಪನ್ನು ಚಾಪೆಯ ಮೇಲಿಟ್ಟಳು. ಎರಡೂ ಕೈಯೂರಿ ಬಾಯಿ ತೆರೆದಳು. ಕುತ್ತಿಗೆಯ ಬುಡ ಒಳಗೆ ಒಳಗೆ ಸೆಳೆದುಕೊಂಡಿತು. ತುಟಿಯ ಬಣ್ಣ ಹೋಗತೊಡಗಿತು.

"ಹಾಂ, ಚೆನ್ನಾಗಿ ಬರ್ತಿದೆ. ಇನ್ನೂ ಸ್ವಲ್ಪ. ಬೆಳಕಿನ ಕಡೆ ತಿರುಗಿ ಅಜ್ಜಿ."

ಬಾಟ್ಲಿ ಅಕ್ಕ ಅವನ ಕೈಯನ್ನು ಪಕ್ಕಕ್ಕೆ ತಳ್ಳಿದಳು. ಮೊಬೈಲು ಎಲ್ಲಿಗೆ ಹೋಗಿ ಬಿತ್ತೋ ನೋಡಲಿಲ್ಲ. ಪಂಪನ್ನು ಎತ್ತಿ ಅತ್ತೆಯ ಬಾಯಿಗಿಟ್ಟು ಒತ್ತಿದಳು, ಬೆನ್ನು ನೀವಿದಳು, ಮತ್ತೊಮ್ಮೆ ಒತ್ತಿದಳು. ಮುದುಕಿಯ ಉಸಿರು ತಿರುಗಿದ ಮೇಲೆ ಎದ್ದು ಮೆಟ್ಟಿಲ ಹತ್ತಿರ ಹೋಗಿ, ಶೆಡ್ಡಿನ ಬಾಟಲಿಗಳ ಸದ್ದನ್ನು ಮೀರಿ ಕೂಗಿ ಕೂಗಿ ಪಳಗಿದ ಗಂಟಲಲ್ಲಿ ಕರೆದಳು.

"ದರ್ಜಿ ಅಣ್ಣಾ! ಕುರ್ಚಿ ತಗೊಂಬಾ!"

ದರ್ಜಿಯ ಬಾಗಿಲು ತೆರೆಯಲಿಲ್ಲ.

"ತಗೊಂಬಾ ಅಂದ್ನಲ್ಲ! ಮರ್ಯಾದಸ್ಥರು ಇದಾರೆ ಮನೇಲಿ!"

"ಏಯ್, ಹುಚ್ಚು ಹಿಡೀತಾ ನಿಂಗೆ?" ಸಾಹೇಬ ಮೊಬೈಲನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದ. "ಎಲ್ಲಾ ಸರಿಹೋಗಿತ್ತಲ್ಲೇ! ಬರ್ದು ಕೊಟ್ಬಿಡ್ತಿದ್ದೆ!"

ಕೆಳಗೆ ಬಾಗಿಲು ತೆರೆದ ಸದ್ದಾಯಿತು. ಕುರ್ಚಿ ಬಂತು. ದರ್ಜಿ ಅದನ್ನು ಹೊತ್ತು ತಂದು ಸಾಹೇಬನ ಕಣ್ಣೆದುರೇ ಇಳಿಸಿದ. ಹಿಂದೆಯೇ ಫ್ಯಾನು ಬಂತು, ಹೂವಿನ ಲೋಟದಲ್ಲಿ ನೀರು ಬಂತು. ಬಾಟ್ಲಿ ಅಕ್ಕ ಅತ್ತೆಯ ಮುಖ ಒರೆಸಿ, ಕೂದಲು ಒತ್ತಿ ಸರಿಮಾಡಿ, ಎತ್ತಿ ಕುರ್ಚಿಯಲ್ಲಿ ಕೂರಿಸಿದಳು.

"ಈಗ ತೆಗೀರಿ ಸಾರ್ ಫೋಟೋ."

"ಇನ್ನು ಈ ಜನ್ಮದಲ್ಲಿ ನಿಮ್ಗೆ ಬಿಡಿಗಾಸು ಬರಲ್ಲ, ತಿಳ್ಕೋ! ಇವ್ರೆಲ್ಲರ್ದೂ ನಿಲ್ಸ್ತೀನಿ!"

"ಬರ್ಕೊಳ್ಳಿ ಸಾರ್."

ಸಾಹೇಬ ಬರೆಯಲೆಂದು ಕೂರುವುದಕ್ಕೆ ಜಾಗ ಹುಡುಕಿದ. ಕಾಲು ಮುರಿದ ಸ್ಟೂಲನ್ನು ಮುಟ್ಟಿ ನೋಡಿ ಬಿಟ್ಟ. ಸಾಮಾನು ತಂದು ಬಾಗಿಲಲ್ಲಿ ನಿಂತ ವಠಾರದವರು ಯಾರೂ ಅತ್ತಿತ್ತ ಸರಿಯಲಿಲ್ಲ. ಕೊನೆಗೆ ಅವನು ಮಸಿ ಬಳಿದ ಗೋಡೆಗೇ ಕಾಗದ ಒತ್ತಿ ಹಿಡಿದು ಬರೆಯತೊಡಗಿದ.

"ಸರಿಯಾಗಿ ಬರ್ಕೊಳೋ ಬೋಳೀಮಗನೆ," ಎಂದಳು ಅತ್ತೆ ಕುರ್ಚಿಯಿಂದ. "ಮೆತ್ತೆ ಕುರ್ಚಿ, ಒಂದು. ಅದರ ಮೇಲೆ ಕೂತೋಳು, ಒಬ್ಳು. ಉಸಿರಾಡ್ತಿದಾಳೆ."

ಅವನು ಅವರೆಲ್ಲರ ಮೈ ಸವರಿಕೊಂಡೇ ಮೆಟ್ಟಿಲಿಳಿದು ಹೋಗಬೇಕಾಯಿತು. ಅಂಗಿಯ ತೋಳಿಗೆ ಉದ್ದಕ್ಕೂ ಮಸಿ ಹತ್ತಿತ್ತು. ಯಾರೂ ಹೇಳಲಿಲ್ಲ.

ಅತ್ತೆ ಪಂಪನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಮುಖ ಗಂಟಿಕ್ಕಿ ಇನ್ನೊಂದು ಸಲ ಅಲ್ಲಾಡಿಸಿದಳು.

"ಆ ಫ್ಯಾನ್ ನಿಲ್ಸ್ರೇ," ಎಂದಳು. "ಕೇಳಿಸ್ತಿಲ್ಲ."

ಡ್ರೈವರನ ಹೆಂಡತಿ ಫ್ಯಾನು ನಿಲ್ಲಿಸಿದಳು. ಬಾಗಿಲಲ್ಲಿ ನಿಂತವರೆಲ್ಲ ಉಸಿರು ಬಿಗಿಹಿಡಿದರು. ಮುದುಕಿ ಪಂಪನ್ನು ಕಿವಿಗೆ ಒತ್ತಿಕೊಂಡು ಮತ್ತೆ ಅಲ್ಲಾಡಿಸಿದಳು.